ಭಾನುವಾರ ವೈನ್‌ಗೆ ದ್ರಾಕ್ಷಿ ಹಾಕುವವರ ಗಮನಕ್ಕೆ

ಎಲ್ಲರಿಗೂ ನಮಸ್ಕಾರ. ಕ್ರಿಸ್‌ಮಸ್ ವೈನ್‌ಗೆ ಈ ಭಾನುವಾರ ಸಂಜೆ 4ಕ್ಕೆ ಬಿಜೈಯ ನಮ್ಮ ಮನೆಯಲ್ಲಿ ದ್ರಾಕ್ಷಿ ಹಾಕುವುದು. ದ್ರಾಕ್ಷಿ ನಾನು ತರುತ್ತೇನೆ, ಭರಣಿ ನೀವು ತನ್ನಿ. ತೊಳೆದು ಬಿಸಿಲಲ್ಲಿ ಒಣಗಿಸಿಯೇ ತರಬೇಕು ಮಾರಾಯ್ರೇ. ಹೋದ ವರ್ಷ ಭರಣಿಯ ತಳದಲ್ಲಿ ಸ್ವಲ್ಪ ನೀರಿತ್ತು, ನಮ್ಮ 5 ಕಿಲೋ ದ್ರಾಕ್ಷಿ ಪೂರಾ ಬೂಷ್ಟು ಹಿಡಿದು ಹೋಯಿತು.

ಕೆಲಸದ ನಡುವೆ ಅಮೆರಿಕದಲ್ಲಿ ಹೆಸರು ಮಾಡಿದ ವೈನ್ ತಯಾರಕ ಮೈಕ್ ಗರ್ಗಿಚ್ ಅವರ ಕಥೆ ಹೇಳಬೇಕೆಂದಿದ್ದೇನೆ. 1923ರಲ್ಲಿ ಕ್ರೊಯೇಷಿಯಾದ ಹಳ್ಳಿಯೊಂದರಲ್ಲಿ 11 ಮಕ್ಕಳಲ್ಲಿ ಕೊನೆಯವರಾಗಿ ಹುಟ್ಟಿ, ಸಣ್ಣಂದಿನಲ್ಲೇ ದ್ರಾಕ್ಷಿ ತುಳಿದು ಬೆಳೆದವರು. ಊರು ಬಿಡುವಾಗ ಬೂಟಿನೊಳಗೆ ಅಡಗಿಸಿಟ್ಟ 32 ಡಾಲರ್ ಮಾತ್ರ ಇತ್ತು. 1958ರಲ್ಲಿ ಕ್ಯಾಲಿಫೋರ್ನಿಯಾದ ನಾಪಾಕ್ಕೆ ಬಂದು ವರ್ಷಗಟ್ಟಲೆ ಬೇರೆಯವರ ವೈನರಿಗಳಲ್ಲಿ ದುಡಿದರು. 1976ರಲ್ಲಿ ಪ್ಯಾರಿಸ್‌ನಲ್ಲಿ ಫ್ರೆಂಚ್ ತೀರ್ಪುಗಾರರು ಹೆಸರು ಮುಚ್ಚಿದ ಬಾಟಲಿಗಳ ರುಚಿ ನೋಡಿ, ಬಿಳಿ ವೈನ್‌ಗಳಲ್ಲಿ ಇವರು ಮಾಡಿದ 1973ರ ಶಾರ್ಡೊನೆಗೆ ಮೊದಲ ಸ್ಥಾನ ಕೊಟ್ಟರು! ಮರುವರ್ಷ, 54ರ ವಯಸ್ಸಲ್ಲಿ, ಪಾಲುದಾರರ ಜೊತೆ ‘ಗರ್ಗಿಚ್ ಹಿಲ್ಸ್’ ಎಂಬ ಸ್ವಂತ ವೈನರಿ ಶುರು ಮಾಡಿದರು. ಆ ವಯಸ್ಸಲ್ಲಿ ಹೊಸದಾಗಿ ಸ್ವಂತದ್ದು ಕಟ್ಟುವುದೆಂದರೆ ನನಗೆ ಪ್ಯಾರಿಸ್ ಗೆಲುವಿಗಿಂತ ದೊಡ್ಡದು. 2023ರಲ್ಲಿ, 100 ತುಂಬಿದ ಮೇಲೆ ತೀರಿಕೊಂಡರು.

ಎಷ್ಟು ಕಿಲೋ ಬೇಕೆಂದು ಶುಕ್ರವಾರದೊಳಗೆ ಇಲ್ಲೇ ಹಾಕಿ. ಮಾರ್ಕೆಟಿನಲ್ಲಿ ಮೊದಲೇ ಹೇಳಿಡಬೇಕು.