ನ್ಯಾನೊಜೈಮ್‌ ಸಂಶೋಧನೆ ಜಿಲ್ಲೆಗಳಿಗೂ ತಲುಪಲಿ

ಮಾನ್ಯರೇ,

ಸಕ್ಕರೆ ಕಾಯಿಲೆಯಿರುವ ನಮ್ಮ ತಾಯಿಯ ಪಾದದ ಹುಣ್ಣು ಎರಡು ತಿಂಗಳಾದರೂ ಮಾಯಲಿಲ್ಲ. ಮೂರು ಸಲ ಆ್ಯಂಟಿಬಯೋಟಿಕ್ ಬದಲಾಯಿತು. ಕಡೆಗೆ ಕೀವಿನ ಬ್ಯಾಕ್ಟೀರಿಯಾವನ್ನು ಬೆಳೆಸಿ, ಅದಕ್ಕೆ ಯಾವ ಔಷಧ ನಾಟುತ್ತದೆಂದು ನೋಡುವ ಕಲ್ಚರ್ ಪರೀಕ್ಷೆ ಮಾಡಿಸಿದೆವು. ಅದರ ವರದಿಯಲ್ಲಿ ಔಷಧಗಳ ಮುಂದೆ ಸಾಲುಸಾಲಾಗಿ ‘ರೆಸಿಸ್ಟೆಂಟ್’, ಅಂದರೆ ಆ ಔಷಧಕ್ಕೆ ಬ್ಯಾಕ್ಟೀರಿಯಾ ಜಗ್ಗುವುದಿಲ್ಲ ಎಂದಿತ್ತು. ಆ ಕಾಗದ ನೋಡಿದ ದಿನದಿಂದ ಇಂಥ ಬ್ಯಾಕ್ಟೀರಿಯಾವನ್ನು ಕೊಲ್ಲಲು ಬೇರೆ ದಾರಿ ಇದೆಯೇ ಎಂದು ಹುಡುಕಿ ಓದುತ್ತಿದ್ದೇನೆ. ಹಾಗೆ ಸಿಕ್ಕಿದ್ದು ನ್ಯಾನೊಜೈಮ್.

ನ್ಯಾನೊಜೈಮ್ ಎಂದರೆ ಕಿಣ್ವದಂತೆ ಕೆಲಸ ಮಾಡುವ ಅತಿಸೂಕ್ಷ್ಮ ಕಣ. ಕಬ್ಬಿಣದ ಆಕ್ಸೈಡ್ ಕಣಗಳಿಗೆ ಈ ಗುಣವಿದೆಯೆಂದು ಚೀನಾದ ವಿಜ್ಞಾನಿಗಳು 2007ರಲ್ಲಿ ತೋರಿಸಿದರು. ಇಂಥ ಕಣಗಳು ಹೈಡ್ರೋಜನ್ ಪೆರಾಕ್ಸೈಡನ್ನು ಒಡೆದು, ಎದುರಾದುದರೊಡನೆ ತಕ್ಷಣ ವರ್ತಿಸಿ ಅದನ್ನು ಕೆಡಿಸುವ ತೀಕ್ಷ್ಣ ರ‍್ಯಾಡಿಕಲ್‌ಗಳನ್ನು ಹುಟ್ಟಿಸುತ್ತವೆ; ಅವು ಬ್ಯಾಕ್ಟೀರಿಯಾದ ಪೊರೆ, ಪ್ರೋಟೀನ್, ಡಿಎನ್‌ಎ ಎಲ್ಲದರ ಮೇಲೂ ಒಟ್ಟಿಗೇ ಎರಗುತ್ತವೆ. ಹಾಗಾಗಿ ಪ್ರತಿರೋಧ ಬೆಳೆಸಿಕೊಳ್ಳುವುದು ಬ್ಯಾಕ್ಟೀರಿಯಾಕ್ಕೆ ಸುಲಭವಲ್ಲ. ನಮ್ಮ ಪಕ್ಕದ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲೇ ಸೀರಿಯಂ ಆಕ್ಸೈಡ್‌ನಿಂದ, ಬ್ಯಾಕ್ಟೀರಿಯಾದ ಪೊರೆಯನ್ನು ಹಾಳುಗೆಡಹುವ ನ್ಯಾನೊಜೈಮ್ ತಯಾರಿಸಿದ್ದಾರೆ. ಓದಿ ನಿಜಕ್ಕೂ ಹೆಮ್ಮೆಯಾಯಿತು. ಆದರೆ ಕಣಗಳು ದೇಹದಲ್ಲಿ ಉಳಿದರೆ ನಮ್ಮ ಜೀವಕೋಶಗಳಿಗೇನಾಗುತ್ತದೆ ಎಂಬ ಪರೀಕ್ಷೆ ಪೂರ್ತಿಯಾಗದೆ ಇದು ರೋಗಿಯ ಕೈಗೆ ಬರಬಾರದು. ಆ ಪರೀಕ್ಷೆಗೆ ಸರ್ಕಾರ ಧಾರಾಳವಾಗಿ ಹಣ ಕೊಡಲಿ.

ಅಲ್ಲಿಯತನಕ ಇರುವ ಔಷಧಗಳನ್ನಾದರೂ ಉಳಿಸಿಕೊಳ್ಳಬೇಕಲ್ಲ? ಕೋಲಾರ ಹಾಲಿನ ಜಿಲ್ಲೆ. ಹಸುವಿಗೆ ಕೆಚ್ಚಲು ಬಾವು ಬಂದರೆ ಆ್ಯಂಟಿಬಯೋಟಿಕ್ ಚುಚ್ಚುಮದ್ದು ಕೊಡಿಸುತ್ತೇವೆ. ಔಷಧದ ಅಂಶ ಹಾಲಿಗೂ ಇಳಿಯುವುದರಿಂದ, ಆಮೇಲೆ ಎಷ್ಟು ದಿನ ಹಾಲನ್ನು ಡೇರಿಗೆ ಹಾಕಬಾರದೆಂದು ಪಶುವೈದ್ಯರು ಪ್ರತಿ ಹಳ್ಳಿಯಲ್ಲೂ ತಿಳಿಹೇಳಲಿ. ಮುಳಬಾಗಿಲು, ಶ್ರೀನಿವಾಸಪುರದಂಥ ತಾಲ್ಲೂಕು ಆಸ್ಪತ್ರೆಗಳಲ್ಲಿ ಮೊದಲ ವಾರದಲ್ಲೇ ಕಲ್ಚರ್ ಪರೀಕ್ಷೆ ಸಿಗುವಂತಾಗಲಿ.

– ಓದುಗ, ಶ್ರೀನಿವಾಸಪುರ, ಕೋಲಾರ ಜಿಲ್ಲೆ