ರೀಸ್ಲಿಂಗ್ ಬಾಟಲಿಗಳು ಕಡಿಮೆಯಾಗಲಿವೆ

ಆತ್ಮೀಯ ಗ್ರಾಹಕರೇ,

ಈ ವರ್ಷದಿಂದ ನಮ್ಮ ಡ್ರೈ ರೀಸ್ಲಿಂಗ್ (ರೀಸ್ಲಿಂಗ್ ದ್ರಾಕ್ಷಿಯ, ಸಿಹಿಯಿಲ್ಲದ ಬಿಳಿ ವೈನ್) ಸರೋವರದಂಚಿನ ತೋಟದ ಹಣ್ಣಿನಿಂದ ಮಾತ್ರ ತಯಾರಾಗುತ್ತದೆ. ಇಳಿಜಾರಿನ ಮೇಲ್ಭಾಗದ ತೋಟದ ರೀಸ್ಲಿಂಗ್ ಬಳ್ಳಿಗಳನ್ನು ಕಿತ್ತು ಅಲ್ಲಿ ವಿಡಾಲ್ ಎಂಬ ಇನ್ನೊಂದು ಬಿಳಿ ದ್ರಾಕ್ಷಿ ನೆಡುತ್ತಿದ್ದೇವೆ. ಹಾಗಾಗಿ ನಿಮಗೆ ಬರುತ್ತಿದ್ದ ಹನ್ನೆರಡು ಬಾಟಲಿಯ ಪೆಟ್ಟಿಗೆಯಲ್ಲಿ ಇನ್ನು ಆರೇ ಇರುತ್ತವೆ.

ಕಾರಣ ಇಷ್ಟು. ಅಮೆರಿಕದ ನ್ಯೂಯಾರ್ಕ್ ರಾಜ್ಯದ ನಮ್ಮ ಸೆನೆಕಾ ಸರೋವರದ ಗರಿಷ್ಠ ಆಳ ಸುಮಾರು 188 ಮೀಟರ್. ಅಷ್ಟು ನೀರು ಬೇಗ ಕಾಯುವುದೂ ಇಲ್ಲ, ಬೇಗ ತಣಿಯುವುದೂ ಇಲ್ಲ. ಬೇಸಿಗೆಯಲ್ಲಿ ಕೂಡಿಟ್ಟ ಬಿಸಿ ಚಳಿಗಾಲವಿಡೀ ದಂಡೆಯ ಇಳಿಜಾರನ್ನು ಕಾಪಾಡುತ್ತದೆ. ವಸಂತದಲ್ಲಿ ಅದೇ ನೀರಿನ ತಂಪಿಗೆ ಬಳ್ಳಿ ಇನ್ನಷ್ಟು ದಿನ ಮಲಗಿರುತ್ತದೆ. ವರ್ಷಕ್ಕೆರಡು ಸಲ ಚಾಟ್ನಿ (ಬಳ್ಳಿ ಸವರುವ ಕೆಲಸ) ಮಾಡುವ ವಿಜಯಪುರದ ತೋಟ ನೋಡಿದವರಿಗೆ ಬಳ್ಳಿಯ ಈ ನಿದ್ದೆ ಹೊಸದು. ಇಲ್ಲಿ ಅದೇ ರಕ್ಷೆ: ಚಿಗುರೊಡೆಯುವ ಕಣ್ಣು ತಡವಾಗಿ ಒಡೆದಷ್ಟೂ ಮೇ ತಿಂಗಳ ಹೆಪ್ಪುಗಟ್ಟುವ ಇಬ್ಬನಿಗೆ ಸಿಕ್ಕಿಬೀಳುವುದು ಕಡಿಮೆ.

ಮೇಲಿನ ತೋಟಕ್ಕೆ ಆ ರಕ್ಷೆ ಮುಟ್ಟುವುದಿಲ್ಲ. 2023ರ ಮೇ 18ರ ನಸುಕಿನಲ್ಲಿ ಇಬ್ಬನಿ ಹೆಪ್ಪುಗಟ್ಟಿದಾಗ ಅಲ್ಲಿ ಚಿಗುರು ಆಗಲೇ ಬೆರಳುದ್ದ ಬೆಳೆದಿತ್ತು. ಬಿಸಿಲೇರುವಷ್ಟರಲ್ಲಿ ಬೇಯಿಸಿದ ಸೊಪ್ಪಿನಂತೆ ಜೋತುಬಿತ್ತು, ಆಮೇಲೆ ಕಪ್ಪಾಯಿತು. ಕೆಳಗಿನ ಸಾಲುಗಳು ಬಹುಪಾಲು ಉಳಿದುಕೊಂಡವು. ಪ್ರತಿ ಕಣ್ಣಿನಲ್ಲೂ ಮುಖ್ಯ ಚಿಗುರಿನ ಪಕ್ಕ ಇನ್ನೆರಡು ಮರಿಚಿಗುರು ಇರುತ್ತವೆ, ಮೊದಲನೆಯದು ಸತ್ತರೆ ಅವು ಏಳುತ್ತವೆ. ರೀಸ್ಲಿಂಗ್‌ನಲ್ಲಿ ಅವು ಎಲೆ ಕೊಟ್ಟರೂ ಗೊಂಚಲು ಕೊಡುವುದು ಕಡಿಮೆ. ವಿಡಾಲ್ ತಡವಾಗಿ ಚಿಗುರುತ್ತದೆ, ಜೊತೆಗೆ ಎರಡನೆಯ ಚಿಗುರಲ್ಲೂ ಒಳ್ಳೆಯ ಫಸಲು ಬಿಡುತ್ತದೆ.

ಉಕ್ರೇನಿನಿಂದ ಬಂದ ಡಾ. ಕಾನ್‌ಸ್ಟಂಟಿನ್ ಫ್ರ್ಯಾಂಕ್ 1962ರಲ್ಲಿ ಪಕ್ಕದ ಕ್ಯೂಕಾ ಸರೋವರದ ಬಳಿ ವೈನರಿ ಕಟ್ಟಿ, ಯುರೋಪಿನ ತಳಿಗಳು ಈ ಚಳಿಯಲ್ಲೂ ಬಾಳುತ್ತವೆ ಎಂದು ತೋರಿಸಿಕೊಟ್ಟರು. ಈ ಸರೋವರಗಳ ಸೀಮೆಯಾದ ಫಿಂಗರ್ ಲೇಕ್ಸ್‌ಗೆ ಹೆಸರು ತಂದದ್ದು ರೀಸ್ಲಿಂಗ್. ಅದನ್ನು ನಾವು ಕೈಬಿಡುತ್ತಿಲ್ಲ, ಅದಕ್ಕೆ ಒಗ್ಗುವ ನೆಲದಲ್ಲೇ ಉಳಿಸಿಕೊಳ್ಳುತ್ತಿದ್ದೇವೆ. ವಿಡಾಲ್ ಫ್ರಾನ್ಸಿನಲ್ಲಿ ಹುಟ್ಟಿದ ಮಿಶ್ರತಳಿ. ಮಿಶ್ರತಳಿ ಎಂದರೆ ಮೂಗು ಮುರಿಯುವವರಿದ್ದಾರೆ, ನಮಗೆ ಆ ಮಾತು ಒಪ್ಪಿಗೆಯಿಲ್ಲ. ಸಿಪ್ಪೆ ಗಟ್ಟಿ, ಹುಳಿ ಚೆನ್ನಾಗಿ ನಿಲ್ಲುತ್ತದೆ. ಕೆನಡಾದವರು, ಬಳ್ಳಿಯಲ್ಲೇ ಹೆಪ್ಪುಗಟ್ಟಿದ ಹಣ್ಣಿನಿಂದ ಮಾಡುವ ಐಸ್ ವೈನ್‌ಗೆ ಹೆಚ್ಚಾಗಿ ಇದನ್ನೇ ನೆಚ್ಚಿಕೊಂಡಿದ್ದಾರೆ. ಕೊಂಚ ಸಿಹಿ ಉಳಿಸಿ ಮಾಡಿದರೆ ಖಾರದ ಕೋಳಿ ಸಾರಿಗೂ ಹೊಂದುತ್ತದೆ.

ಹೊಸ ಬಳ್ಳಿ ಫಸಲಿಗೆ ಬರಲು ಮೂರನೆಯ ವರ್ಷ ಬೇಕು. ಅಲ್ಲಿಯವರೆಗೆ ಬೇರೆಯವರ ಹಣ್ಣು ಕೊಂಡು ನಮ್ಮ ಲೇಬಲ್ ಹಚ್ಚುವುದಿಲ್ಲ. ರೀಸ್ಲಿಂಗ್ ಬೆಲೆಯನ್ನು ಈ ವರ್ಷ ಏರಿಸುವುದಿಲ್ಲ. ಹನ್ನೆರಡಕ್ಕೂ ಮುಂಗಡ ಕಟ್ಟಿದವರಿಗೆ ಉಳಿದ ಹಣ ವಾಪಸು ಬರುತ್ತದೆ. ಅದನ್ನು ವಿಡಾಲ್‌ಗೆ ಜಮೆ ಇಟ್ಟುಕೊಳ್ಳಿ ಎನ್ನುವವರು ಈ ಪತ್ರಕ್ಕೆ ಉತ್ತರವಾಗಿ ಒಂದು ಸಾಲು ಬರೆದರೆ ಸಾಕು.

ಇಂತಿ,
ಸೆನೆಕಾ ದಂಡೆಯ ನಿಮ್ಮ ವೈನರಿ ಬಳಗ