ಗೊತ್ತಿದ್ದೂ ಕಾಯುವ ಜನ

ಪ್ರೀತಿಯ ತಮ್ಮ,

ಮಸಾಲೆ ಸಿನಿಮಾಗಳ ಬಗ್ಗೆ ನೀನು ಬರೆದ ಲೇಖನ ಓದಿದೆ. ಭಾಷೆ ಚುರುಕಾಗಿದೆ, ಅಲ್ಲಲ್ಲಿ ನಗುವೂ ಬಂತು. ಆದರೆ ನೀನು ಬರೆದದ್ದೆಲ್ಲ ದೂರುಗಳೇ. ಹೀರೋ ಒಬ್ಬನೇ ಹತ್ತು ಜನರನ್ನು ಹೊಡೆಯುತ್ತಾನೆ, ಸುಮ್ನೆ ಹಾಡು ಬರುತ್ತದೆ, ಮುಂದೇನು ಅಂತ ಮೊದಲೇ ಗೊತ್ತಾಗುತ್ತದೆ. ಟಿಕೆಟ್ ತೆಗೆದುಕೊಂಡವರಿಗೆ ಇದೆಲ್ಲ ಗೊತ್ತಿಲ್ವಾ ಮಾರಾಯ? ಗೊತ್ತಿದ್ದೂ ಹೋಗುತ್ತಾರೆ, ನೋಡಿದ್ದನ್ನೇ ಮತ್ತೆ ನೋಡುತ್ತಾರೆ. ಯಾಕೆ ಅಂತ ಬರೆ.

ಒಂದೇ ಸಿನಿಮಾ ಹಿಡಿದು ಹೇಳುತ್ತೇನೆ. 1975ರ 'ಶೋಲೆ'. ನಮ್ಮ ರಾಮನಗರದ ಬಂಡೆಗಳ ನಡುವೆ ಒಂದು ಹಳ್ಳಿಯ ಸೆಟ್ಟನ್ನೇ ಹಾಕಿ ತೆಗೆದ ಚಿತ್ರ. ನೀನು ನೋಡಿಯೇ ಇರುತ್ತೀಯ. ಇನ್ನೊಮ್ಮೆ ನೋಡು. ಈ ಸಲ ಕಥೆ ಬಿಡು, ಏನನ್ನು ಯಾವಾಗ ತೋರಿಸುತ್ತಾರೆ ಅನ್ನುವುದನ್ನಷ್ಟೇ ಗಮನಿಸು.

ಖಳನಾಯಕ, ಡಕಾಯಿತ ಗಬ್ಬರ್ ಸಿಂಗ್ ಬರುವ ಹೊತ್ತಿಗೆ ಸಿನಿಮಾ ಸುಮಾರು ಒಂದು ಗಂಟೆ ಓಡಿರುತ್ತದೆ. ಅಷ್ಟರಲ್ಲಿ ಅವನ ಹೆಸರು ನಮ್ಮ ಕಿವಿಗೆ ಬಿದ್ದಿದೆ, ಅವನ ಕಡೆಯವರು ಹಳ್ಳಿಗೆ ಬಂದು ಸೋತು ಹೋಗಿದ್ದಾರೆ. ಆದರೂ ತಕ್ಷಣ ಮುಖ ತೋರಿಸುವುದಿಲ್ಲ. ಮೊದಲು ಬಂಡೆಯ ಮೇಲೆ ಓಡಾಡುವ ಬೂಟು. ಕಲ್ಲಿಗೆ ಉಜ್ಜುತ್ತಾ ಬರುವ ಬೆಲ್ಟು. ಆಮೇಲೆ ದನಿ. ಯಕ್ಷಗಾನದಲ್ಲಿ ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಒಡ್ಡೋಲಗ ನೋಡಿದ್ದೀಯಲ್ಲ, ಆ ಮೊದಲ ರಂಗಪ್ರವೇಶ? ಚೆಂಡೆ ಅಬ್ಬರಿಸುತ್ತಿದ್ದರೂ ವೇಷ ತೆರೆಯ ಹಿಂದಿನಿಂದ ಚೂರು ಚೂರೇ ಕಾಣಿಸಿಕೊಳ್ಳುತ್ತದೆ. 'ಶೋಲೆ'ಯ ಕಥೆ ಬರೆದ ಸಲೀಂ–ಜಾವೇದ್ ಅದನ್ನು ನೋಡಿ ಬರೆದರು ಅಂತ ನಾನು ಹೇಳುತ್ತಿಲ್ಲ. ಕಾಯಿಸುವ ಕಲೆ ಎರಡೂ ಕಡೆ ಒಂದೇ.

ಸೋತು ಬಂದವರು ಮೂವರು. ರಿವಾಲ್ವರಿನಲ್ಲಿ ಆರು ಗುಂಡು. ಗಬ್ಬರ್ ಮೂರನ್ನು ಗಾಳಿಗೆ ಹಾರಿಸಿ, ಚಕ್ರ ತಿರುಗಿಸಿ, ಒಬ್ಬೊಬ್ಬರ ತಲೆಗೂ ಗುರಿಯಿಟ್ಟು ಒತ್ತುತ್ತಾನೆ. ಮೂವರೂ ಉಳಿಯುತ್ತಾರೆ! ಅವನು ನಗುತ್ತಾನೆ. ಬದುಕಿದೆವು ಅಂತ ಅವರೂ ನಗುತ್ತಾರೆ. ಸುತ್ತ ನಿಂತ ಗುಂಪೆಲ್ಲ ನಗುತ್ತದೆ. ಆ ನಗು ಬೇಕಾದ್ದಕ್ಕಿಂತ ಜಾಸ್ತಿ ಹೊತ್ತು ನಡೆಯುತ್ತದೆ, ನಮಗೇ ಕಸಿವಿಸಿ ಆಗುವಷ್ಟು. ಆಮೇಲೆ ಗುಂಡು. ನಿಜಜೀವನದಲ್ಲಿ ಹೀಗೆ ನಡೆಯುತ್ತದಾ ಅಂತ ಕೇಳುತ್ತಾ ಕೂತರೆ ಆ ನಗುವಿನ ಅಳತೆ ನಿನ್ನ ಕಣ್ಣಿಗೆ ಬೀಳುವುದೇ ಇಲ್ಲ.

ಇನ್ನು ಹಾಡಿನ ವಿಷಯ. ಹೋಳಿ ಹಾಡನ್ನು ತೆಗೆದುಕೋ. ಹೋಳಿ ಯಾವಾಗ ಅಂತ ಗಬ್ಬರ್ ಮೊದಲೇ ವಿಚಾರಿಸಿ ಆಗಿದೆ. ಊರಿನವರಿಗೆ ಅದು ಗೊತ್ತಿಲ್ಲ, ನಮಗೆ ಗೊತ್ತು. ಪರದೆ ತುಂಬ ಬಣ್ಣ, ಕುಣಿತ, ಧರ್ಮೇಂದ್ರ–ಹೇಮಾ ಮಾಲಿನಿ ಚೆಲ್ಲಾಟ. ನೋಡುವವರ ಎದೆಯಲ್ಲಿ ಮಾತ್ರ ಢವಢವ. ಹಾಡಿನ ಬೆನ್ನಿಗೇ ದಾಳಿ. ಆ ದಾಳಿಯಲ್ಲಿ ಬಂದೂಕು ಹತ್ತಿರವೇ ಬಿದ್ದಿದ್ದರೂ, ಗಬ್ಬರನನ್ನು ಹಿಡಿಯಲು ಜೈ, ವೀರು ಎಂಬಿಬ್ಬರನ್ನು ಊರಿಗೆ ಕರೆಸಿದ ಠಾಕೂರ್ ಅದನ್ನು ಎತ್ತಿ ಕೊಡುವುದಿಲ್ಲ. ಜೈ, ವೀರು ಜೊತೆ ನಮಗೂ ಸಿಟ್ಟು ಬರುತ್ತದೆ. ಅದಕ್ಕೆ ಉತ್ತರ ಸಿಗುವುದು ಇಡೀ ಫ್ಲ್ಯಾಶ್‌ಬ್ಯಾಕ್ ಮುಗಿದು ಠಾಕೂರನ ಶಾಲು ಜಾರಿ, ಅವನಿಗೆ ಎರಡೂ ಕೈ ಇಲ್ಲದ್ದು ಕಂಡಾಗ. ಹೋಳಿಯ ಸಂಭ್ರಮ ಕತ್ತರಿಸಿ ತೆಗೆದು ನೋಡು, ಮುಂದಿನ ಏಟಿಗೆ ಅರ್ಧ ಬಲವೂ ಉಳಿಯುವುದಿಲ್ಲ.

ಹಾಗಂತ ಎಲ್ಲವನ್ನೂ ಹೊಗಳಬೇಕಿಲ್ಲ. ಅದೇ ಸಿನಿಮಾದ ಜೈಲರ್ ಹಾಸ್ಯ ನನಗೆ ಉದ್ದ ಅನ್ನಿಸುತ್ತದೆ. ಈಗಿನ ಎಷ್ಟೋ ಚಿತ್ರಗಳಲ್ಲಿ ಹೀರೋ ಹೆಸರಿಗೆ ಒಂದು ತೂಕ ಬರುವ ಮೊದಲೇ ಸ್ಲೋ ಮೋಷನ್ ಎಂಟ್ರಿ ಕೊಟ್ಟು, ಶಿಳ್ಳೆ ಹೊಡೀರಿ ಅಂತ ಕೇಳುತ್ತಾರೆ. ಕಾಯಿಸದೆ ಕೊಟ್ಟರೆ ಏನು ರುಚಿ? ಇದನ್ನು ಬೈಯಬೇಕು ಅನ್ನಿಸಿದರೆ ಧಾರಾಳವಾಗಿ ಬೈ.

ನಿನ್ನ ಲೇಖನದಲ್ಲಿ ಒಂದು ಒಳ್ಳೆಯ ಸಾಲಿದೆ. ಪಕ್ಕದ ಸೀಟಿನ ಹೆಂಗಸು ಡೈಲಾಗನ್ನು ನಟನಿಗಿಂತ ಮೊದಲೇ ಹೇಳುತ್ತಿದ್ದರು ಅಂತ. ಅದನ್ನು ತಮಾಷೆಗೆ ಹೇಳಿ ಮುಂದೆ ಹೋಗಿಬಿಟ್ಟೆ. 'ಶೋಲೆ' ಮಾತುಗಳನ್ನೇ ಗ್ರಾಮಫೋನ್ ರೆಕಾರ್ಡ್ ಮಾಡಿ ಮಾರಿದರು, ಗೊತ್ತಾ? ಜನ ಹಾಡು ಕೇಳಿದ ಹಾಗೆ ಸಂಭಾಷಣೆ ಕೇಳಿದರು, ಬಾಯಿಪಾಠ ಮಾಡಿದರು. ಆ ಹೆಂಗಸು ಅಂಥವರ ಪೈಕಿ. ಲೇಖನವನ್ನು ಅವರಿಂದಲೇ ಶುರು ಮಾಡು. ಯಾವ ಮಾತು ಹೇಳಿದರು, ಎಲ್ಲಿ ಸುಮ್ಮನಾದರು, ನೆನಪಿದ್ದರೆ ಅದನ್ನೂ ಹಾಕು. ಬರೆದಾದ ಮೇಲೆ ಕಳಿಸು. ಜೈಲರ್ ವಿಷಯದಲ್ಲಿ ನನ್ನ ಮಾತು ಒಪ್ಪಿಗೆಯಾಗದಿದ್ದರೆ ಅದಕ್ಕೆ ಬೇರೆ ಪತ್ರ ಬರೆ.